ರಾಯಚೂರಿನ ಬಿಸಿಲಲ್ಲೂ ಮಂಜು!

ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಮಾನ್ವಿಗೋ ದೇವದುರ್ಗಕ್ಕೋ ಹೊರಟ ಸಿಎನ್‌ಜಿ ಕಾರಿನ ರೆಗ್ಯುಲೇಟರ್ ಮೇಲೆ ಫ್ರಿಜ್ಜಿನಂತೆ ಮಂಜು ಕಟ್ಟೀತೆ? ಕಟ್ಟಬಹುದು. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿದ್ದ ಅನಿಲ ಇಲ್ಲಿ ಹಿಗ್ಗಿ ತಣ್ಣಗಾಗುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಜೂಲ್-ಥಾಮ್ಸನ್ ಪರಿಣಾಮವೆಂದು ಗುರುತಿಸಿಯಾರು. ಅದಕ್ಕೇ ಎಂಜಿನ್ನಿನ ಬಿಸಿನೀರನ್ನು ರೆಗ್ಯುಲೇಟರಿನೊಳಗೆ ಹರಿಸುತ್ತಾರೆ. ಮಂಜು ಕಂಡರೆ ಮೊದಲು ರೇಡಿಯೇಟರ್ ನೀರು ನೋಡಿ (ಎಂಜಿನ್ ತಣಿದ ಮೇಲೆ!); ಹೊಸ ರೆಗ್ಯುಲೇಟರ್ ಆಮೇಲಿನ ಮಾತು. ಬದಲಿಸಲೇಬೇಕಾದರೆ ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನ ಅನಿಲ ತೀರಿಸಿ, ನುರಿತ ಮೆಕ್ಯಾನಿಕ್ಕೇ ಮಾಡಬೇಕು. ಕೊನೆಗೆ ಅನಿಲ ಬಿಟ್ಟು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿಸಿ. ಗುಳ್ಳೆ ಎದ್ದರೆ ಮಕ್ಕಳನ್ನು ಆ ಕಾರು ಹತ್ತಿಸಬೇಡಿ.