ಅಡಿಗೆಮನೆಯ ಆಟಿಕೆಗಳು

ತಾಯಿ ಅಡಿಗೆಗೆ ತೊಡಗಿದೊಡನೆಯೇ ಎರಡು ವರ್ಷದ ಕಂದನಿಗೆ ಅವಳ ಸೆರಗು ಬೇಕು. ಕೈಗಿತ್ತ ಬೊಂಬೆ ಕ್ಷಣದಲ್ಲಿ ಮೂಲೆ ಸೇರುತ್ತದೆ. ಮಗುವಿಗೆ ಬೇಕಾದುದು ಬೊಂಬೆಯಲ್ಲ, ತಾಯಿಯ ಕೆಲಸದಲ್ಲಿ ಒಂದು ಪಾಲು. ೧೯೦೭ರಲ್ಲಿ ರೋಮ್ ನಗರದಲ್ಲಿ ‘ಮಕ್ಕಳ ಮನೆ’ ತೆರೆದ ಮರಿಯಾ ಮಾಂಟೆಸರಿಯವರು ಕಂಡುಕೊಂಡುದೂ ಇದನ್ನೇ: ಆಟದ ಸಾಮಾನಿಗಿಂತ ನಿಜವಾದ ಕೆಲಸವೇ ಮಕ್ಕಳಿಗೆ ಪ್ರಿಯ.

ಒಂದರೊಳಗೊಂದು ಕೂಡುವ ಡಬ್ಬಿಗಳನ್ನು ಮುಚ್ಚಳಸಹಿತ ಒಲೆಯಿಂದ ದೂರದಲ್ಲಿ ಹರಡಬೇಕು. ಯಾವ ಮುಚ್ಚಳ ಯಾವುದಕ್ಕೆಂದು ಮಗು ತಾನೇ ಹುಡುಕಲಿ. ಆಲೂಗೆಡ್ಡೆ, ಈರುಳ್ಳಿಗಳನ್ನು ಎರಡು ಬುಟ್ಟಿಗಳಿಗೆ ಬೇರ್ಪಡಿಸಲಿ. ಚಪಾತಿ ಹಿಟ್ಟಿನ ಉಂಡೆಯೊಂದು ದೊರೆತರೆ ಹಾವು, ಲಾಡು, ರೊಟ್ಟಿಗಳು ತಾವಾಗಿಯೇ ಹುಟ್ಟುತ್ತವೆ. ಹಸಿ ಹಿಟ್ಟು ಬಾಯಿಗೆ ಹೋಗದಂತೆ ಮಾತ್ರ ನೋಡಿಕೊಳ್ಳಬೇಕು.

ಹುಣಿಸೆಬೀಜ, ಕಡಲೆಕಾಯಿ ಬೀಜ, ಅಂಗಿಯ ಗುಂಡಿ ಇವು ಮಾತ್ರ ಸರ್ವಥಾ ಕೂಡದು. ಉಸಿರ್ನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಲೋಟದಿಂದ ಲೋಟಕ್ಕೆ ನೀರು ಸುರಿಯುವ ಆಟವೂ ತಾಯಿಯ ಕಣ್ಣೆದುರಿನಲ್ಲಿಯೇ ನಡೆಯಬೇಕು. ಆಟ ಮುಗಿದೊಡನೆ ಬಕೆಟ್ಟನ್ನು ಬರಿದು ಮಾಡಿ ಬೋರಲು ಹಾಕಬೇಕು. ಎರಡು ಅಂಗುಲ ನೀರೂ ಎಳೆಯ ಮಗುವನ್ನು ಮುಳುಗಿಸಬಲ್ಲುದು.

ಕೊನೆಯಲ್ಲಿ ಡಬ್ಬಿಗಳನ್ನು ಮರಳಿ ಜೋಡಿಸುವುದೂ ಆಟವೇ ಆಗಲಿ. ಅಡಿಗೆ ಹತ್ತು ನಿಮಿಷ ತಡವಾದೀತು. ಮನೆಯಲ್ಲಿ ಅಳುವಿನ ಬದಲು ಮುಚ್ಚಳಗಳ ಸದ್ದು ಕೇಳಿಸೀತು.