ಗಾಡಿಗೆ ಹೊಸ ತಲೆಮಾರು, ನಮಗೆ ಹಳೆಯ ಜಾಗ



ಕಳಮಶ್ಶೇರಿಯ ಎಚ್.ಎಂ.ಟಿ. ಜಂಕ್ಷನ್ನಿನಲ್ಲಿ ಬೆಳಗಿನ ಜಾವ ಒಂದು ಗಳಿಗೆ ನಿಂತು ನೋಡಿರಿ. ಮದುವೆ ಹಾಲಿಗೆ ತಿಂಡಿ ಹೊತ್ತ ಸಣ್ಣ ವ್ಯಾನುಗಳು ಹೋಗುತ್ತವೆ. ಮುಂದೆ ಡ್ರೈವರ್ ಮತ್ತು ಮೇಸ್ತ್ರಿ. ಹಿಂದೆ ಸಾಂಬಾರಿನ ಹಂಡೆ, ಇಡ್ಲಿ ಪಾತ್ರೆ. ಅವುಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತ ನಮ್ಮ ಉಡುಪಿ, ಕುಂದಾಪುರದ ಹುಡುಗರು.

ಈ ಗಾಡಿಯ ವಂಶಾವಳಿಯನ್ನು ಒಮ್ಮೆ ನೋಡೋಣ. 1958ರಲ್ಲಿ ಪುಣೆಯಲ್ಲಿ ಬಜಾಜ್ ಟೆಂಪೋ ಕಂಪನಿ ಹುಟ್ಟಿ, ಜರ್ಮನಿಯ ಮೂರು ಗಾಲಿಯ ಗಾಡಿಯನ್ನು ಇಲ್ಲಿ ಮಾಡತೊಡಗಿತು. ಸಣ್ಣ ಸರಕು ಗಾಡಿಗೆಲ್ಲ ನಾವು 'ಟೆಂಪೋ' ಎನ್ನುವುದು ಆ ಹೆಸರಿನಿಂದಲೇ. 1969ರಲ್ಲಿ ನಾಲ್ಕು ಗಾಲಿಯ ಮೆಟಡೋರ್ ಬಂತು, 1987ರಲ್ಲಿ ಟ್ರಾವೆಲರ್. 2005ರಲ್ಲಿ ಬಂದ ಟಾಟಾ ಏಸ್ ಎರಡೇ ಸಿಲಿಂಡರಿನ ಎಂಜಿನ್ನಿನಲ್ಲಿ ಮುಕ್ಕಾಲು ಟನ್ ಎಳೆಯಿತು. ಜನ 'ಛೋಟಾ ಹಾಥಿ' ಎಂದರು. ಅದರ ತಮ್ಮ ಏಸ್ ಜಿಪ್ ನಮ್ಮ ಧಾರವಾಡದಲ್ಲಿಯೇ ತಯಾರಾಯಿತು. 2022ರಲ್ಲಿ ವಿದ್ಯುತ್ ಏಸ್ ಬಂತು. ಹೊಗೆಯೂ ಇಲ್ಲ, ಸದ್ದೂ ಇಲ್ಲ.

ಮೂರು ಗಾಲಿ ನಾಲ್ಕಾಯಿತು. ಡೀಸೆಲ್ ಹೋಗಿ ಬ್ಯಾಟರಿ ಬಂತು. ಡ್ರೈವರನ ಪಕ್ಕದಲ್ಲಿ ಮಾತ್ರ ಇಂದಿಗೂ ಒಂದೇ ಸೀಟು. ಮಾಣಿಯ ಜಾಗ ಹಂಡೆಯ ಪಕ್ಕ!

ಹದಿನೆಂಟರ ಹುಡುಗನಾಗಿ ನಾನೂ ಹೀಗೆ ಕುಳಿತು ಹೋದವನು. ತಿರುವಿನಲ್ಲಿ ಮುಚ್ಚಳ ಹಾರಿ ಕುದಿಯುವ ಸಾಂಬಾರು ಕಾಲ ಮೇಲೆ ಬಿತ್ತು. ಧಣಿ ಮೊದಲು ಕೇಳಿದ್ದು, "ಸಾಂಬಾರು ಎಷ್ಟು ಉಳಿಯಿತು?"

"ಹುಡುಗರು ತಾವಾಗಿಯೇ ಹತ್ತುತ್ತಾರೆ" ಎನ್ನುವ ಮಾಲೀಕರಿದ್ದಾರೆ. ಸ್ವಾಮೀ, ನಸುಕಿನ ನಾಲ್ಕು ಗಂಟೆಗೆ ಬಸ್ಸೂ ಇಲ್ಲ, ಮೆಟ್ರೋವೂ ಇಲ್ಲ. ಹತ್ತಲಾರೆ ಎಂದವನಿಗೆ ಮರುದಿನ ಕೆಲಸ ಉಂಟೇ?

ಇನ್ನು ಕಾನೂನಿನ ಮಾತು. ಸರಕಿನೊಡನೆ ಹೋಗುವ ಅದರ ಒಡೆಯನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ವಿಮೆಯ ರಕ್ಷಣೆ ಇರಬೇಕೆಂದು 1994ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಯಿತು. ಸರಕು ಗಾಡಿಗೆ ಬಿಟ್ಟಿಯಾಗಿ ಹತ್ತಿದವನ ಹೊಣೆ ವಿಮಾ ಕಂಪನಿಯದಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಾದರೆ ಬಾಡಿಗೆ ವ್ಯಾನಿನಲ್ಲಿ ಹಂಡೆ ಹಿಡಿದು ಕುಳಿತ ಮಾಣಿ ಯಾರು? ಪ್ರತಿನಿಧಿಯೋ, ಬಿಟ್ಟಿ ಪ್ರಯಾಣಿಕನೋ? ಈ ಪ್ರಶ್ನೆ ಏಳುವುದು ಅವನು ಆಸ್ಪತ್ರೆ ಸೇರಿದ ಮೇಲೆ. ಆಗ ಅವನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ನಾವು ಬೇಡುತ್ತಿರುವುದು ಭಿಕ್ಷೆಯಲ್ಲ. ಮನುಷ್ಯರಿಗೆ ಸೀಟಿರುವ ಬೇರೆ ಗಾಡಿ ಬೇಕು. ಹಂಡೆಗೆ ಬಿಗಿ ಮುಚ್ಚಳ, ಕಟ್ಟಲು ಹಗ್ಗ ಬೇಕು. ಪ್ರಯಾಣದ ಹೊತ್ತು ಕೆಲಸದ ಹೊತ್ತೆಂದು ರಿಜಿಸ್ಟರಿನಲ್ಲಿ ಬರೆಯಬೇಕು.

ಹಂಡೆ ಒಡೆದರೆ ಹೊಸದು ಸಿಕ್ಕೀತು. ಊರಿನಲ್ಲಿ ದಾರಿ ಕಾಯುವ ತಾಯಿಗೆ ಹೊಸ ಮಗ ಸಿಕ್ಕುವನೇ? ಒಬ್ಬ ಹತ್ತುವುದಿಲ್ಲ ಎಂದರೆ ಕೆಲಸ ಹೋದೀತು. ಎಲ್ಲರೂ ಎಂದರೆ ವ್ಯಾನೇ ನಿಂತೀತು. ಬಂಧುಗಳೇ, ಯೋಚಿಸಿರಿ, ಒಂದಾಗಿರಿ!