ಕೆಡಿಸಿ ಕಲಿಯಬೇಕಾದ ವಿದ್ಯೆ

“ಇನ್ನ ಕಮಾಂಡ್ ಯಾಕ ಕಲೀಬೇಕ್ರೀ ಸರ್? ಎಐಗೆ ಕೇಳಿದ್ರ ಪೂರಾ ಕಾನ್ಫಿಗರೇಶನ್ ಬರದು ಕೊಡ್ತದ.” ಮರಾಠವಾಡಾದ ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಕಡೆಯಿಂದ ನೆಟ್‌ವರ್ಕಿಂಗ್ ಕಲಿಯಲು ಪುಣೆಗೋ ಹೈದರಾಬಾದಿನ ಅಮೀರ್‌ಪೇಟೆಗೋ ಹೊರಟ ಹುಡುಗರ ಬಾಯಲ್ಲಿ ಈ ಮಾತು ಈಗ ಸಾಮಾನ್ಯವಾಗಿದೆ. ಹೇಳುವವರು ಸೋಮಾರಿಗಳಲ್ಲ, ಜಾಣರು. ಅದಕ್ಕೇ ಈ ಮಾತಿಗೆ ಉತ್ತರ ಕೊಡಬೇಕು ಅನ್ನಿಸುತ್ತದೆ.

ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಗಾಗಿ ರೌಟರ್, ಸ್ವಿಚ್ ಮುಂದೆ ಕೂರುವುದು ಕಮಾಂಡ್ ಕಲಿಯಲಿಕ್ಕೆ ಎಂದುಕೊಂಡಲ್ಲೇ ಎಡವಟ್ಟಾಗಿದೆ. ಕಮಾಂಡು ಕೆಲವೇ ವಾರಗಳಲ್ಲಿ ಬೆರಳಿಗೆ ಹತ್ತುತ್ತದೆ. ಹತ್ತದೆ ಉಳಿಯುವುದು ಬೇರೆ: ನಿನ್ನೆ ನಡೆಯುತ್ತಿದ್ದ ನೆಟ್‌ವರ್ಕ್ ಇವತ್ತು ಯಾಕೆ ನಿಂತಿತು ಎಂದು ಕಾರಣಸಹಿತ ಹೇಳುವ ಬುದ್ಧಿ. ತಾನೇ ಕಟ್ಟಿದ್ದನ್ನು ತಾನೇ ಕೆಡಿಸಿ, ಕೆಟ್ಟದ್ದನ್ನು ಹುಡುಕಿ ಸರಿಪಡಿಸಿದವನಿಗೆ ಮಾತ್ರ ಅದು ಬರುತ್ತದೆ. ಈ ಪರೀಕ್ಷೆಯ ಅಭ್ಯಾಸಕ್ಕೆ ಬೆಲೆಯಿರುವುದೂ ಅಷ್ಟರಮಟ್ಟಿಗೇ.

ನಮ್ಮ ಭಾಗದಲ್ಲಿ ಅಭ್ಯಾಸ ಅಂದರೆ ‘ಲಾತೂರ್ ಪ್ಯಾಟರ್ನ್’. ಬೆಳಿಗ್ಗೆಯಿಂದ ರಾತ್ರಿಯವರೆಗೆ ಪಾಠ, ಟೆಸ್ಟು, ಹಳೆಯ ಪ್ರಶ್ನೆಪತ್ರಿಕೆ, ಮತ್ತೆ ಟೆಸ್ಟು. ಈ ಪದ್ಧತಿಯನ್ನು ಹಗುರವಾಗಿ ಕಾಣುವವರ ಜತೆ ನಾನಿಲ್ಲ. ಮಳೆ ನಂಬಿದ ಮರಾಠವಾಡಾದ ರೈತರ ಮಕ್ಕಳನ್ನು ಮೆಡಿಕಲ್, ಇಂಜಿನಿಯರಿಂಗ್ ಸೀಟಿಗೆ ಮುಟ್ಟಿಸಿದ ಪದ್ಧತಿ ಅದು. ಅದರ ಹಿಂದಿರುವ ಲೆಕ್ಕವೂ ನ್ಯಾಯವಾದದ್ದೇ. ಸಿಸಿಎನ್‌ಎ ಪರೀಕ್ಷೆಯ ಶುಲ್ಕ 300 ಡಾಲರ್. ತೆರಿಗೆ ಸೇರಿದರೆ ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತದೆ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ ಹಿಡಿದರೂ ಅದು ಐದು ಕ್ವಿಂಟಲಿಗೆ ಮಿಕ್ಕಿದ ಸೋಯಾಬೀನಿನ ಬೆಲೆ. ಇಷ್ಟು ಕೊಟ್ಟು ಪಡೆದ ಸರ್ಟಿಫಿಕೇಟಿನ ಆಯುಸ್ಸು ಮೂರೇ ವರ್ಷ. ಹೀಗಿರುವಾಗ, “ಪರೀಕ್ಷೆಗೆ ಬರೋದಷ್ಟ ಓದು, ಒಂದೇ ಸಲಕ್ಕ ಪಾಸಾಗು” ಎನ್ನುವ ಅಪ್ಪನನ್ನು ಯಾರು ಆಕ್ಷೇಪಿಸಿಯಾರು?

ಆದರೆ ಭೌತಶಾಸ್ತ್ರದ ಪ್ರಶ್ನೆ ಬಿಡಿಸಿದ ಮೇಲೆ ಮುಗಿಯಿತು, ಅದು ಮರುದಿನ ಎದ್ದು ಕೆಡುವುದಿಲ್ಲ. ನೆಟ್‌ವರ್ಕ್ ಕೆಡುತ್ತದೆ. ಪರೀಕ್ಷೆಯವರಿಗೂ ಇದು ಗೊತ್ತು. ಪಠ್ಯಸೂಚಿಯಲ್ಲಿ ಮತ್ತೆಮತ್ತೆ ಬರುವುದು ‘ಕಾನ್ಫಿಗರ್ ಮಾಡಿ, ಖಾತ್ರಿ ಮಾಡಿಕೊಳ್ಳಿ’ ಎಂಬ ಜೋಡಿ. 120 ನಿಮಿಷದ ಪರೀಕ್ಷೆಯಲ್ಲಿ ಒಮ್ಮೆ ದಾಟಿದ ಪ್ರಶ್ನೆಗೆ ಹಿಂದಿರುಗುವಂತಿಲ್ಲ. ಔಟ್‌ಪುಟ್ ತೋರಿಸಿ, ಎರಡು ರೌಟರ್ ಯಾಕೆ ಮಾತಾಡುತ್ತಿಲ್ಲ ಎಂದು ಕೇಳಿದಾಗ, ಬರೀ ಸರಿಯಾದದ್ದನ್ನೇ ನೋಡಿ ಬೆಳೆದ ಕಣ್ಣಿಗೆ ಏನೂ ಕಾಣುವುದಿಲ್ಲ. ಇನ್ನು ಕದ್ದ ಪ್ರಶ್ನೆಗಳ ‘ಡಂಪ್’ ಉರು ಹೊಡೆದು ಪಾಸಾಗುವುದು ಕಳ್ಳತನ; ಅದಕ್ಕೆ ಇದಕ್ಕಿಂತ ಹೆಚ್ಚಿನ ಮಾತು ಬೇಡ.

ಒಂದು ಉದಾಹರಣೆಯನ್ನು ಬಿಡಿಸಿಯೇ ಹೇಳುತ್ತೇನೆ. ಬ್ಯಾಂಕಿನ ಒಂದು ಶಾಖೆ ಎಂದು ಇಟ್ಟುಕೊಳ್ಳಿ. ಎರಡು ಸ್ವಿಚ್, ನಡುವೆ ಒಂದು ಟ್ರಂಕ್, ಅಂದರೆ ಹಲವು ವಿಎಲ್ಯಾನ್‌ಗಳನ್ನು (ಸ್ವಿಚ್ಚಿನೊಳಗೆ ಬೇರೆಬೇರೆಯಾಗಿಟ್ಟ ಜಾಲಗಳನ್ನು) ಒಟ್ಟಿಗೆ ಸಾಗಿಸುವ ತಂತಿ. ಕೌಂಟರಿನ ಕಂಪ್ಯೂಟರುಗಳು ವಿಎಲ್ಯಾನ್ 10ರಲ್ಲಿ, ಎಟಿಎಂ 20ರಲ್ಲಿ. ಹೊಸದಾಗಿ ಕ್ಯಾಮೆರಾ ಹಾಕುತ್ತಾರೆ, ಅದಕ್ಕೆ 30. ಈ 30ನ್ನೂ ಟ್ರಂಕಿನ ಮೇಲೆ ಬಿಡಬೇಕು. ಹುಡುಗ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಎಲ್ಯಾನ್ 30’ ಎಂದು ಟೈಪ್ ಮಾಡುತ್ತಾನೆ. ಸ್ವಿಚ್ ತಪ್ಪೆನ್ನುವುದಿಲ್ಲ, ಪೋರ್ಟಿನ ಹಸಿರು ದೀಪ ಆರುವುದಿಲ್ಲ. ಕ್ಯಾಮೆರಾ ನಡೆಯುತ್ತದೆ, ಕೌಂಟರು, ಎಟಿಎಂ ಎರಡೂ ನಿಲ್ಲುತ್ತವೆ. 30ಕ್ಕೆ ಮೊದಲು ‘ಆ್ಯಡ್’ ಎಂದು ಹಾಕದ್ದರಿಂದ ಹಳೆಯ ಪಟ್ಟಿ ಅಳಿದುಹೋಗಿ 30 ಒಂದೇ ಉಳಿಯಿತು. ಆ ಸ್ವಿಚ್ಚಿಗೆ ದೂರದಿಂದ ಲಾಗಿನ್ ಆಗಿದ್ದ ದಾರಿಯೂ ಅದೇ ಟ್ರಂಕ್ ಆಗಿದ್ದರೆ ಹುಡುಗನ ಸ್ಕ್ರೀನ್ ಅಲ್ಲೇ ಸ್ತಬ್ಧವಾಗುತ್ತದೆ. ಕೆಡಿಸಿದ್ದು ಯಾವ ಕೈಯೋ, ಅದೇ ಕೈಗೆ ಸರಿಪಡಿಸುವ ದಾರಿ ಇಲ್ಲ. ಕೌಂಟರಿನ ಆಚೆ ಪಾಸ್‌ಬುಕ್ ಹಿಡಿದು ನಿಂತವರಿಗೆ ಸಿಗುವ ಉತ್ತರ, “ಲಿಂಕ್ ಇಲ್ಲ, ನಾಳೆ ಬರ್ರಿ.”

ಇದನ್ನು ಒಮ್ಮೆ ಪ್ಯಾಕೆಟ್ ಟ್ರೇಸರ್ ಎಂಬ ನೆಟ್‌ವರ್ಕ್ ಸಿಮ್ಯುಲೇಟರಿನಲ್ಲಿ ಬೇಕೆಂದೇ ಕೆಡಿಸಿ ನೋಡಿದವನು ಕೇಬಲ್ ಅಲ್ಲಾಡಿಸುವುದಿಲ್ಲ, ಸ್ವಿಚ್ ಆಫ್ ಮಾಡಿ ಆನ್ ಮಾಡುವುದಿಲ್ಲ. ಏನು ನಿಂತಿದೆ, ಏನು ಇನ್ನೂ ನಡೆಯುತ್ತಿದೆ ಎಂದು ಮೊದಲು ನೋಡುತ್ತಾನೆ. ಒಂದೇ ಸ್ವಿಚ್ಚಿನ ಎರಡು ಕಂಪ್ಯೂಟರು ಪರಸ್ಪರ ಮಾತಾಡುತ್ತಿವೆ, ಟ್ರಂಕ್ ದಾಟಿದರೆ ಇಲ್ಲ. ಕ್ಯಾಮೆರಾ ಮಾತ್ರ ದಾಟುತ್ತಿದೆ. ಹಾಗಾದರೆ ತಂತಿ ಸರಿ ಇದೆ, ತಂತಿಯ ಮೇಲಿನ ಪಟ್ಟಿ ತಪ್ಪಿದೆ. ‘ಶೋ ಇಂಟರ್ಫೇಸಸ್ ಟ್ರಂಕ್’ ಒಂದೇ ಸಾಕು. ನಿಜವಾದ ಸಾಧನದ ಮೇಲೆ ಇಂಥ ಕೆಲಸಕ್ಕೆ ಕೈ ಹಾಕುವ ಮೊದಲು ‘ರೀಲೋಡ್ ಇನ್ 10’ ಕೊಟ್ಟಿರಬೇಕು ಎಂಬ ಎಚ್ಚರವೂ ಅವನಿಗೆ ಬಂದಿರುತ್ತದೆ: ಕೈತಪ್ಪಿ ಹೊರಗುಳಿದರೂ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ಮರಳಿ ಶುರುವಾಗಿ, ಸೇವ್ ಮಾಡಿಟ್ಟ ಹಳೆಯ ಕಾನ್ಫಿಗರೇಶನ್ನಿಗೆ ಹಿಂದಿರುಗುತ್ತದೆ.

ಟ್ರಂಕಿನ ಆ ಸಾಲನ್ನು ಎಐ ಬರೆದುಕೊಡಲಾರದೇ? ಬರೆಯುತ್ತದೆ, ವ್ಯಾಕರಣಶುದ್ಧವಾಗಿಯೇ. ಆದರೆ ‘ಆ್ಯಡ್’ ಬೇಕೋ ಬೇಡವೋ ಎನ್ನುವುದು ಆ ಸ್ವಿಚ್ಚಿನಲ್ಲಿ ಮೊದಲೇ ಏನಿದೆ ಎಂಬುದರ ಮೇಲೆ ನಿಂತಿದೆ. ಅದು ಮುಖ್ಯವೆಂದು ಗೊತ್ತಿಲ್ಲದವನು ಅದನ್ನು ಹೇಳಿಯೇ ಇರುವುದಿಲ್ಲ. ಬಂದ ಉತ್ತರವನ್ನು ಹಾಗೇ ಪೇಸ್ಟ್ ಮಾಡುತ್ತಾನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬರುವುದು ದೊಡ್ಡ ಕಂಪನಿಗಳಲ್ಲಿ ದುಡಿದವರಿಂದ. ಸಾವಿರಾರು ಸ್ವಿಚ್ ಇರುವಲ್ಲಿ ಯಾರೂ ಒಂದೊಂದಕ್ಕೂ ಕೂತು ಟೈಪ್ ಮಾಡುವುದಿಲ್ಲ. ಪೈಥಾನ್, ಆ್ಯನ್ಸಿಬಲ್‌ನಂಥ ಆಟೊಮೇಶನ್ ಸಲಕರಣೆ ಬಳಸುತ್ತಾರೆ. ಕೈಯಿಂದ ಮಾಡುವುದೇ ತಪ್ಪಿನ ತವರು ಎನ್ನುತ್ತಾರೆ ಅವರು. ಮಾತು ನಿಜ. 2020ರ ಫೆಬ್ರವರಿ 24ರಂದು ಬಂದ ಹೊಸ ಸಿಸಿಎನ್‌ಎ ಕೂಡ ಆಟೊಮೇಶನ್ನಿಗೆ ಶೇಕಡಾ 10ರಷ್ಟು ಪಾಲು ಕೊಟ್ಟಿದೆ. ಆದರೆ 2021ರ ಅಕ್ಟೋಬರ್ 4ನ್ನು ನೆನೆಯಬೇಕು. ಅಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಜಗತ್ತಿನಿಂದ ಮಾಯವಾಗಿದ್ದವು. ನಿರ್ವಹಣೆಗೆಂದು ಕೊಟ್ಟ ಒಂದು ಕಮಾಂಡ್ ಫೇಸ್‌ಬುಕ್ಕಿನ ಡೇಟಾ ಸೆಂಟರುಗಳ ನಡುವಿನ ಸಂಪರ್ಕವನ್ನೇ ಕಡಿದಿತ್ತು. ಇಂಥ ಕಮಾಂಡನ್ನು ತಡೆಯಲೆಂದೇ ಒಂದು ಸಾಧನವಿತ್ತು. ಅದರಲ್ಲೇ ದೋಷವಿದ್ದುದರಿಂದ ತಡೆಯಲಿಲ್ಲ. ದೂರದಿಂದ ಒಳಹೋಗುವ ದಾರಿ ಮುಚ್ಚಿತು, ಒಳಗಿನ ಸಲಕರಣೆಗಳೂ ಕೈಕೊಟ್ಟವು, ಕೊನೆಗೆ ಇಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಿ ಯಂತ್ರಗಳ ಮುಂದೆ ಕೂರಬೇಕಾಯಿತು. ಆಟೊಮೇಶನ್ ಸರಿಯನ್ನು ಎಷ್ಟು ಬೇಗ ಹಬ್ಬಿಸುತ್ತದೋ ತಪ್ಪನ್ನೂ ಅಷ್ಟೇ ಬೇಗ ಹಬ್ಬಿಸುತ್ತದೆ. ಪೈಥಾನ್ ಕಲಿಯಲಿ, ಖಂಡಿತ ಕಲಿಯಲಿ. ಆದರೆ ಕೈಯಾರೆ ಕೆಡಿಸಿ ಕಲಿಯುವುದರ ಬದಲಿಗಲ್ಲ, ಅದರ ಮೇಲೆ.

ಸಾಧನವಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ. ಪ್ಯಾಕೆಟ್ ಟ್ರೇಸರ್ ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪುಕ್ಕಟೆ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಎಲ್ಲ ಕಮಾಂಡ್ ಇಲ್ಲ, ನಿಜ. ಜಿಎನ್‌ಎಸ್3 ಎಂಬ ಇಂಥದೇ ತಂತ್ರಾಂಶದಲ್ಲಿ ಹೆಚ್ಚು ಸಿಗುತ್ತದೆ, ಆದರೆ ಅದಕ್ಕೆ ಹೆಚ್ಚು ರ‍್ಯಾಮ್ ಬೇಕು. ಕನ್ಸೋಲ್ ಕೇಬಲ್ ಚುಚ್ಚುವುದು, ಪಾಸ್‌ವರ್ಡ್ ಕಳೆದ ರೌಟರ್ ತೆರೆಯುವುದು ಇಂಥವಕ್ಕೆ ಇಡೀ ಕ್ಲಾಸಿಗೆ ಒಂದು ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಸಾಕು.

ನಮ್ಮ ಹುಡುಗರಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ. ನಿಲಂಗಾ, ಉದಗೀರಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಅಮೀರ್‌ಪೇಟೆಗೆ ಹೋದರೆ ತೆಲುಗು, ಹಿಂದಿ. ಇಂಗ್ಲಿಷಿನ ಮುಂದೆ ಈ ಮಕ್ಕಳು ಕುಗ್ಗುತ್ತಾರೆ. ರೌಟರ್ ಬಲ್ಲ ಇಂಗ್ಲಿಷಾದರೋ ಅತಿ ಸಣ್ಣದು. ‘ಯಾಕೆ ಕೆಟ್ಟಿತು’ ಎಂಬ ವಿಚಾರವನ್ನು ಕನ್ನಡದಲ್ಲಿ ಮಾಡಬಹುದು, ಮರಾಠಿಯಲ್ಲೂ ಮಾಡಬಹುದು. ಮಾಡುವ ಅವಕಾಶವನ್ನು ಕ್ಲಾಸಿನವರು ಕೊಡಬೇಕಷ್ಟೆ. ಅವರು ಕೊಡುವುದು ಹಂತಹಂತವಾಗಿ ಬರೆದಿಟ್ಟ ಲ್ಯಾಬ್ ಶೀಟು. ಹೇಳಿದ್ದನ್ನು ಟೈಪ್ ಮಾಡಿದರೆ ಪಿಂಗ್ ಬರುತ್ತದೆ, ಪಿಂಗ್ ಬಂದರೆ ಪಾಠ ಮುಗಿಯಿತು! ಕಲಿಕೆ ಶುರುವಾಗಬೇಕಾದ ಜಾಗದಲ್ಲಿ ಫೈಲ್ ಮುಚ್ಚಿಸುವ ಈ ಪದ್ಧತಿಗೆ ಸಾವಿರಾರು ರೂಪಾಯಿ ಫೀ ತೆಗೆದುಕೊಳ್ಳುವುದು ಅನ್ಯಾಯ.

ಅದರ ಬದಲು ಕ್ಲಾಸಿನವರು ವಾರಕ್ಕೊಂದು ದಿನ ಕೆಡಿಸಿದ ಫೈಲನ್ನೇ ಕೊಡಲಿ. ‘ಶೋ ರನ್ನಿಂಗ್ ಕಾನ್ಫಿಗ್’ ನೋಡುವಂತಿಲ್ಲ ಎಂಬ ಒಂದೇ ನಿಯಮ ಹಾಕಲಿ, ಏಕೆಂದರೆ ಅದನ್ನು ತೆರೆದವನು ತರ್ಕ ಬಿಟ್ಟು ಕಣ್ಣಿನಿಂದ ತಪ್ಪು ಹೆಕ್ಕಲು ಕೂರುತ್ತಾನೆ. ಮೊದಲು ಏನನ್ನು ಅನುಮಾನಿಸಿದೆ, ಯಾವ ‘ಶೋ’ ಕಮಾಂಡಿನಿಂದ ಆ ಅನುಮಾನ ಬಿದ್ದುಹೋಯಿತು, ಆಮೇಲೆ ಎತ್ತ ಹೋದೆ ಎಂದು ಹಾಳೆಯ ಮೇಲೆ ಬರೆಸಲಿ. ಅಂಕ ಆ ಹಾಳೆಗೆ ಬೀಳಲಿ. ಕ್ಲಾಸಿನವರು ಮಾಡದಿದ್ದರೆ ಇಬ್ಬರು ಗೆಳೆಯರು ಊರಲ್ಲೇ ಕೂತು, ಒಬ್ಬ ಕೆಡಿಸಿ ಇನ್ನೊಬ್ಬ ಹುಡುಕಿ, ಇದನ್ನು ಮಾಡಬಹುದು. ಗೆಳೆಯ ಕೆಡಿಸಿದ್ದನ್ನು ಈ ನಿಯಮದೊಳಗೇ ಹುಡುಕಿ ತೆಗೆಯುವಷ್ಟಾದ ಮೇಲೆ ಆ 300 ಡಾಲರ್ ಕಟ್ಟಲಿ.